ಏರ್ ಫ್ರೈಯರ್ ಕರಿಯುವುದಿಲ್ಲ

ಬೆಂಗಳೂರಿನ ಸುದ್ದಗುಂಟೆಪಾಳ್ಯದಲ್ಲಿ ಕಾಲೇಜಿನ ಪರೀಕ್ಷೆ ಮುಗಿಯುವ ವಾರ ನಮ್ಮ ಬೀದಿಯ ಚಹರೆಯೇ ಬದಲಾಗುತ್ತದೆ. ಪಿ.ಜಿ.ಗಳ ಮೆಟ್ಟಿಲ ಬುಡದಲ್ಲಿ ಹಾಸಿಗೆ, ಬಕೆಟ್ಟು, ಟೇಬಲ್ ಫ್ಯಾನು, ಪುಸ್ತಕದ ಗಂಟು. ಊರಿಗೆ ಹೊರಟ ಹುಡುಗ ಹುಡುಗಿಯರು ಸಿಕ್ಕಷ್ಟಕ್ಕೆ ಕೊಟ್ಟು ಹೋಗುವ ಸಾಮಾನು. ಈಚೆಗೆ ಆ ರಾಶಿಯಲ್ಲಿ ಏರ್ ಫ್ರೈಯರ್ ಕೂಡ ಕಾಣಿಸತೊಡಗಿದೆ. ಹೆಚ್ಚಿನವಕ್ಕೆ ಒಂದು ಗೀರೂ ಬಿದ್ದಿರುವುದಿಲ್ಲ. ನಾಲ್ಕು ಸಲ ಬಳಸಿ, ಬೇಸತ್ತು, ಮೂಲೆಗಿಟ್ಟವು ಎಂದು ನೋಡಿದರೇ ತಿಳಿಯುತ್ತದೆ.

ಅಂಥದ್ದೊಂದನ್ನು ಅಕ್ಕನ ಮಗಳು ನಮ್ಮ ಮನೆಗೆ ಹೊತ್ತು ತಂದಳು. ಅವಳೂ ಇಲ್ಲೇ ಓದುವವಳು, ಜಪಾನಿನ ಅನಿಮೆ ಸರಣಿಗಳನ್ನು ಬಿಡದೆ ನೋಡುವವಳು. ಅದರಲ್ಲಿ ಶಾಲೆ ಬಿಟ್ಟ ಮಕ್ಕಳು ಮಾಂಸದಂಗಡಿಯ ಮುಂದೆ ನಿಂತು ಕಾಗದದಲ್ಲಿ ಸುತ್ತಿದ ಬಿಸಿಬಿಸಿ ಆಲೂಗೆಡ್ಡೆ ಕೊರೊಕ್ಕೆ ತಿನ್ನುವುದನ್ನು ಕಂಡು, ‘ಚಿಕ್ಕಮ್ಮ, ಇದರಲ್ಲಿ ಕೊರೊಕ್ಕೆ ಮಾಡೋಣ, ಎಣ್ಣೇನೇ ಬೇಡವಂತೆ’ ಅಂದಳು. ಎಲ್ಲರೂ ಹೇಳುವ ಹಾಗೇ ಮಾಡಿದೆವು. ಆಲೂಗೆಡ್ಡೆ ಬೇಯಿಸಿ, ಹಿಸುಕಿ, ತಟ್ಟಿ, ಪ್ಯಾಕೆಟ್ಟಿನ ಬ್ರೆಡ್ ಪುಡಿಯಲ್ಲಿ ಹೊರಳಿಸಿ, ಎಣ್ಣೆ ಸೋಕಿಸದೆ 200 ಡಿಗ್ರಿಯಲ್ಲಿ ಹದಿನೈದು ನಿಮಿಷ ಇಟ್ಟೆವು. ಹೊರಬಂದದ್ದು ಬೂದಿ ಮೆತ್ತಿದಂಥ ಉಂಡೆ. ಮೇಲೆಲ್ಲ ಹಿಟ್ಟು ಹಿಟ್ಟು, ಪಕ್ಕದಲ್ಲಿ ಬಿರುಕು. ಉದುರಿದ ಪುಡಿ ಫ್ಯಾನಿನ ಗಾಳಿಗೆ ಹಾರಿ ಮೇಲಿನ ಕಾಯಿಲ್‌ಗೆ ತಗುಲಿ ಸೀದ ವಾಸನೆ ಬೇರೆ. ಅಮ್ಮ ಒಂದು ಚೂರು ಮುರಿದು ಬಾಯಿಗಿಟ್ಟು, ‘ಎಣ್ಣೆ ಕಾಣದ ಕಟ್ಲೆಟ್ಟು ಕಟ್ಲೆಟ್ಟೇ ಅಲ್ಲ ಕಣೇ’ ಎಂದರು. ಹುಡುಗಿ, ‘ಮಷೀನೇ ಡಬ್ಬಾ’ ಎಂದಳು.

ಈ ಯಂತ್ರದ ಬಗ್ಗೆ ನಮ್ಮಲ್ಲಿ ಬೇರೂರಿರುವ ಎರಡು ಅಭಿಪ್ರಾಯಗಳೂ ಅವತ್ತು ನಮ್ಮ ಅಡುಗೆಮನೆಯಲ್ಲೇ ಇದ್ದವು. ಇದೊಂದಿದ್ದರೆ ಎಣ್ಣೆಯಿಲ್ಲದೆ ಏನನ್ನು ಬೇಕಾದರೂ ಕರಿಯಬಹುದು ಎಂಬುದು ಒಂದು. ಇದರಲ್ಲಿ ಮಾಡಿದ್ದಕ್ಕೆ ರುಚಿಯೇ ಇರುವುದಿಲ್ಲ, ದುಡ್ಡು ದಂಡ ಎಂಬುದು ಇನ್ನೊಂದು. ಹೊರಗಿನಿಂದ ನೋಡಿದರೆ ಎದುರಾಳಿಗಳು. ಆದರೆ ಇಬ್ಬರೂ ಹಿಡಿದಿರುವ ಅಳತೆಗೋಲು ಒಂದೇ: ಎಣ್ಣೆ. ಒಬ್ಬರು ಎಣ್ಣೆ ಹೋಯಿತಲ್ಲ ಎಂದು ಹಿಗ್ಗುತ್ತಾರೆ, ಇನ್ನೊಬ್ಬರು ಹೋಯಿತಲ್ಲ ಎಂದು ಮರುಗುತ್ತಾರೆ. ನಾನು ಹೇಳುವುದು, ಅಳತೆಗೋಲೇ ತಪ್ಪು. ಈ ಯಂತ್ರ ಎಣ್ಣೆಯ ಕೆಲಸವನ್ನು ಮಾಡುವುದಿಲ್ಲ, ಅದಕ್ಕೆ ಬರುವುದೂ ಇಲ್ಲ. ಅದಕ್ಕೆ ಬರುವ ಕೆಲಸ ಬೇರೆ. ಆ ಕೆಲಸಕ್ಕೆ ಕೊರೊಕ್ಕೆಯಷ್ಟು ಹೊಂದುವ ತಿಂಡಿ ನಾನಂತೂ ಕಂಡಿಲ್ಲ.

ಹೆಸರಿನಲ್ಲಿ ‘ಫ್ರೈಯರ್’ ಇದ್ದರೂ ಇದು ಕರಿಯುವ ಯಂತ್ರವಲ್ಲ. ನೆದರ್ಲೆಂಡ್ಸಿನ ಫ್ರೆಡ್ ವ್ಯಾನ್ ಡರ್ ವೆಯ್ ರೂಪಿಸಿದ, 2010ರಲ್ಲಿ ಫಿಲಿಪ್ಸ್ ಕಂಪನಿ ಬರ್ಲಿನ್ನಿನ ಮೇಳದಲ್ಲಿ ಮೊದಲು ಜನರ ಮುಂದಿಟ್ಟ ಈ ಪೆಟ್ಟಿಗೆಯ ಒಳಗಿರುವುದು ಒಂದು ಕಾಯಿಲ್, ಅದರ ಮೇಲೊಂದು ಫ್ಯಾನು, ಕೆಳಗೆ ತೂತಿನ ಬುಟ್ಟಿ. ಬಿಸಿಗಾಳಿಯನ್ನು ಇಕ್ಕಟ್ಟಾದ ಜಾಗದಲ್ಲಿ ಜೋರಾಗಿ ಸುತ್ತಿಸುವ ಪುಟ್ಟ ಓವನ್ ಅದು. ಗಾಳಿಯ ಬಿಸಿಗೂ ಎಣ್ಣೆಯ ಬಿಸಿಗೂ ಅಜಗಜಾಂತರ. 180 ಡಿಗ್ರಿಯ ಓವನ್ನಿನ ಗಾಳಿಯಲ್ಲಿ ಒಂದು ಗಳಿಗೆ ಕೈಯಾಡಿಸಿ ತೆಗೆಯಬಹುದು. ಅದೇ 180 ಡಿಗ್ರಿಯ ಎಣ್ಣೆ ಬೆರಳ ತುದಿಗೆ ಸಿಡಿದರೂ ಬೊಬ್ಬೆ ಏಳುತ್ತದೆ. ಎಣ್ಣೆ ತಾನು ಮುಟ್ಟಿದ ಕಡೆಯಲ್ಲೆಲ್ಲ ಏಕಕಾಲಕ್ಕೆ ಶಾಖ ಇಳಿಸುತ್ತದೆ, ಗಾಳಿಗೆ ಅದು ಆಗದು.

ಹಾಗಾದರೆ ಇದರಲ್ಲಿ ಮಾಡಿದ ಫ್ರೆಂಚ್ ಫ್ರೈಸ್ ಗರಿಗರಿಯಾಗಿ ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಸೂಪರ್ ಮಾರ್ಕೆಟ್ಟಿನ ಫ್ರೀಜರಿನಲ್ಲೇ ಇದೆ. ಪ್ಯಾಕೆಟ್ಟನ್ನು ತಿರುಗಿಸಿ ಅದರಲ್ಲಿ ಏನೇನಿದೆ ಎಂದು ಓದಿ. ಆಲೂಗೆಡ್ಡೆಯ ಜೊತೆಗೆ ಖಾದ್ಯತೈಲ ಎಂದು ಬರೆದಿರುತ್ತದೆ. ಆ ಫ್ರೈಸನ್ನು ಕಾರ್ಖಾನೆಯಲ್ಲಿ ಒಮ್ಮೆ ಎಣ್ಣೆಯಲ್ಲಿ ಅರೆಬರೆ ಕರಿದು ಆಮೇಲೆ ಹೆಪ್ಪುಗಟ್ಟಿಸಿರುತ್ತಾರೆ. ಪ್ಯಾಕೆಟ್ಟಿನ ನಗೆಟ್ಸು, ಟಿಕ್ಕಿ, ಸ್ಮೈಲಿಗಳದ್ದೂ ಬಹುತೇಕ ಇದೇ ಕತೆ. ಎಣ್ಣೆಯ ಕೆಲಸ ಎಲ್ಲೋ ಮೊದಲೇ ಮುಗಿದಿದೆ, ಮನೆಯ ಯಂತ್ರ ಅದನ್ನು ಬಿಸಿ ಮಾಡಿ ಕೆಂಪಾಗಿಸುತ್ತದೆ, ಅಷ್ಟೆ. ‘ಎಣ್ಣೆಯೇ ಬೇಡ’ ಎಂಬ ನಂಬಿಕೆಗೆ ಆಧಾರವಾಗಿರುವ ತಿಂಡಿಗಳೆಲ್ಲ ಎಣ್ಣೆಯಲ್ಲಿ ಮಿಂದು ಬಂದವೇ. ಕಾರ್ಖಾನೆಯವರು ಮೊದಲು ಮಾಡುವ ಆ ಒಂದು ಕೆಲಸವನ್ನು ನಾವು ಮನೆಯಲ್ಲಿ ಬಿಟ್ಟುಬಿಟ್ಟೆವು. ನಮ್ಮ ಕೊರೊಕ್ಕೆ ಬೂದಿ ಮೆತ್ತಿದಂತಾದದ್ದು ಅದಕ್ಕೆ.

ಇನ್ನೊಂದು ತಪ್ಪು ಹೋಲಿಕೆ ಕೊರೊಕ್ಕೆಯ ಬಗ್ಗೆಯೇ ಇದೆ. ಜಪಾನಿನ ಆಲೂ ಬೋಂಡ ಎಂದು ಅದನ್ನು ಪರಿಚಯಿಸುವುದನ್ನು ಬೆಂಗಳೂರಿನಲ್ಲಿ ಬಹಳ ಕಡೆ ಕೇಳಿದ್ದೇನೆ. ಒಳಗೆ ಆಲೂಗೆಡ್ಡೆ ಇದ್ದರೆ ಸಾಕೆ? ಬೋಂಡಕ್ಕೆ ಜೀವ ಇರುವುದು ಕಡಲೆಹಿಟ್ಟಿನ ಬಗ್ಗಡದಲ್ಲಿ. ನೀರಾಗಿ ಇಳಿಯುವ ಆ ಹಿಟ್ಟು ಎಣ್ಣೆಗೆ ಬಿದ್ದ ಗಳಿಗೆಯಲ್ಲೇ ಚುರ್ರೆಂದು ಹೆಪ್ಪುಗಟ್ಟಿ, ಉಬ್ಬಿ, ಕವಚವಾಗಬೇಕು. ಬಿಸಿಗಾಳಿ ಹೆಪ್ಪುಗಟ್ಟಿಸುವ ಮೊದಲೇ ಹಿಟ್ಟು ಬುಟ್ಟಿಯ ತೂತಿನಿಂದ ಸೋರಿ ಹೋಗಿರುತ್ತದೆ. ಬಜ್ಜಿಯದ್ದೂ ಅದೇ ಪಾಡು. ಉದ್ದಿನ ವಡೆ ಸೋರದಿದ್ದರೂ ಮೇಲೆ ಒಣಗಿ ಚಕ್ಕೆಯಾಗುತ್ತದೆ. ಇವಕ್ಕೆ ಬಾಣಲೆಯೇ ಬೇಕು, ತುಂಬ ಎಣ್ಣೆಯೇ ಬೇಕು. ತಾವರೆಕೆರೆ ಮುಖ್ಯರಸ್ತೆಯ ಬಂಡಿಯಲ್ಲಿ ಸಂಜೆ ಐದಕ್ಕೆ ಬೋಂಡ ಬಿಡುವವನ ಕೆಲಸವನ್ನು ಯಾವ ಗಾಳಿಪೆಟ್ಟಿಗೆಯೂ ಮಾಡಲಾರದು, ಮಾಡಬೇಕಾಗಿಯೂ ಇಲ್ಲ.

ಕೊರೊಕ್ಕೆಯದ್ದು ಹಾಗಲ್ಲ, ಅದರ ಒಳಗಿನದ್ದು ಆಗಲೇ ಬೆಂದದ್ದು. ಹೊರಗಿನದ್ದು ಬ್ರೆಡ್ಡು, ಅದೂ ಆಗಲೇ ಬೆಂದದ್ದು. ಉಳಿಯುವುದು ಒಳಗೆ ಬಿಸಿಯಾಗುವುದು, ಹೊರಗೆ ಕೆಂಪಾಗಿ ಗರಿಗಟ್ಟುವುದು. ಅಂದರೆ ಅದು ನಮ್ಮ ಕಟ್ಲೆಟ್ಟಿನ ಒಡಹುಟ್ಟು. ರೈಲಿನಲ್ಲಿ ಬಟಾಣಿ, ಬೀಟ್‌ರೂಟ್ ಹಾಕಿ ಕೊಡುತ್ತಿದ್ದ, ಅಮ್ಮ ನಮ್ಮ ಹುಟ್ಟುಹಬ್ಬಗಳಿಗೆ ರಸ್ಕು ಪುಡಿ ಮಾಡಿ ಹೊರಳಿಸುತ್ತಿದ್ದ ಅದೇ ಕಟ್ಲೆಟ್ಟು. ಮಾತಿನ ದಾರಿಯೂ ಇದನ್ನೇ ಹೇಳುತ್ತದೆ. ಫ್ರೆಂಚರ ‘ಕ್ರೋಕೆಟ್’ ಜಪಾನಿನಲ್ಲಿ ಕೊರೊಕ್ಕೆ ಆಯಿತು. ಅವರದೇ ‘ಕೋಟ್ಲೆಟ್’ ಇಂಗ್ಲಿಷರ ಬಾಯಲ್ಲಿ ಕಟ್ಲೆಟ್ ಆಗಿ, ನಮ್ಮಲ್ಲಿ ಹಾಗೇ ಉಳಿದು, ಜಪಾನಿನಲ್ಲಿ ‘ಕತ್ಸುರೆತ್ಸು’ ಆಗಿ, ಕೊನೆಗೆ ‘ಕತ್ಸು’ ಎಂದು ಮೊಟಕಾಯಿತು. ಅವರ ಕತ್ಸು ಎಂದರೆ ಮಾಂಸದ ತುಂಡು. ನಾವು ಕಟ್ಲೆಟ್ ಅನ್ನುವುದನ್ನು ಅವರು ಕೊರೊಕ್ಕೆ ಅನ್ನುತ್ತಾರೆ.

ಮೆಯ್‌ಜಿ ಕಾಲದಲ್ಲಿ ಪಶ್ಚಿಮದ ಊಟವೆಂದು ಬಂದ ಈ ತಿಂಡಿ ಬೇಗನೆ ಮನೆಯ ತಿಂಡಿಯಾಯಿತು. 1917ರ ಹೊತ್ತಿಗೆ, ಹೆಂಡತಿ ದಿನಾ ಕೊರೊಕ್ಕೆಯನ್ನೇ ಬಡಿಸುತ್ತಾಳೆಂದು ಗಂಡ ಗೊಣಗುವ ಹಾಡೊಂದು ಅಲ್ಲಿ ಮನೆಮಾತಾಗಿತ್ತು. ತುಂಬ ಎಣ್ಣೆಯಲ್ಲಿ ಕರಿಯುವುದೇ ಇಂಥ ತಿಂಡಿಗಳ ಮೂಲ ಧರ್ಮ ಎನ್ನುವವರು ಇನ್ನೊಂದು ಸಂಗತಿ ನೆನಪಿಡಬೇಕು. ಫ್ರಾನ್ಸಿನ ಕೋಟ್ಲೆಟ್ಟನ್ನು ಬೆಣ್ಣೆಯಲ್ಲಿ ಬಾಡಿಸಿ ಓವನ್ನಿನಲ್ಲಿ ಮುಗಿಸುತ್ತಿದ್ದರು. ಅದನ್ನು, ಹಿಟ್ಟಿನಲ್ಲಿ ಅದ್ದಿ ಕರಿಯುವ ತಮ್ಮ ತೆಂಪುರದ ಹಾಗೆ, ಎಣ್ಣೆಗೆ ಬಿಟ್ಟವರು ಜಪಾನಿನವರು. 1899ರಲ್ಲಿ ಟೋಕಿಯೊ ಗಿಂಜಾದ ರೆಂಗಾತೆಯ್ ಹೋಟೆಲಿನವರು ಹಾಗೆ ಮಾಡಿದ್ದನ್ನು ಅಲ್ಲಿನವರು ಇಂದಿಗೂ ನೆನೆಯುತ್ತಾರೆ. ತಮ್ಮ ಅಡುಗೆಮನೆಯಲ್ಲಿ ಏನಿತ್ತೋ ಅದಕ್ಕೆ ತಕ್ಕಂತೆ ವಿಧಾನ ಬದಲಿಸಿಕೊಂಡರು. ಆ ಹಕ್ಕು ನಮಗೂ ಇದೆ.

ಈಗ ಆಲೂಗೆಡ್ಡೆಯ ಮಾತು. ಕೊರೊಕ್ಕೆ ಕೆಡುವುದು ಹೆಚ್ಚಾಗಿ ಇಲ್ಲೇ, ಬೈಗುಳ ಬೀಳುವುದು ಮಾತ್ರ ಯಂತ್ರಕ್ಕೆ. ಜಪಾನಿನಲ್ಲಿ ಕೊರೊಕ್ಕೆಗೆ ಹೆಸರಾದ ಗೆಡ್ಡೆ ‘ದಾನ್‌ಶಾಕು’. ಆ ಪದಕ್ಕೆ ಬ್ಯಾರನ್ ಎಂದರ್ಥ. ಹಕೊದಾತೆಯ ಹಡಗುಕಟ್ಟೆಯ ಮುಖ್ಯಸ್ಥರಾಗಿದ್ದ ಬ್ಯಾರನ್ ಕವಾದ ರ್ಯೋಕಿಚಿ 1908ರಲ್ಲಿ ಹೊರದೇಶದಿಂದ ಬೀಜದ ಗೆಡ್ಡೆ ತರಿಸಿ ಹೊಕ್ಕೈದೊದಲ್ಲಿ ನೆಟ್ಟದ್ದರಿಂದ ಅದಕ್ಕೆ ಆ ಹೆಸರು. ಬೇಯಿಸಿದರೆ ಹಿಟ್ಟುಹಿಟ್ಟಾಗಿ ಬಿರಿಯುವ ಜಾತಿ. ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ಕುಫ್ರಿ ಜ್ಯೋತಿ. ಹಾಸನದ ರೈತರು ಜಲಂಧರದಿಂದ ಬರುವ ಬಿತ್ತನೆ ಗೆಡ್ಡೆ ಕೊಂಡು ಮುಂಗಾರಿಗೆ ನೆಡುವುದು ಬಹುಮಟ್ಟಿಗೆ ಇದನ್ನೇ. ಅಂಗಮಾರಿ ರೋಗಕ್ಕೆ ಬೇಸತ್ತು ಎಷ್ಟೋ ಜನ ಮುಸುಕಿನ ಜೋಳಕ್ಕೆ, ಶುಂಠಿಗೆ ತಿರುಗಿದ್ದಾರೆ. ಹಾಸನದ ಗೆಡ್ಡೆ ಇಂದಿಗೂ ಮಳೆಗಾಲ ಮುಗಿಯುವ ಹೊತ್ತಿಗೆ ಮಡಿವಾಳದ ಮಾರುಕಟ್ಟೆಗೆ ಬರುತ್ತದೆ ಎಂಬುದೇ ನನಗೆ ಸಮಾಧಾನ. ಆದರೆ ಹೊಸ ಗೆಡ್ಡೆಯಲ್ಲಿ ನೀರು ಜಾಸ್ತಿ. ಉಗುರಿನಲ್ಲಿ ಕೆರೆದರೆ ಸಿಪ್ಪೆ ಸುಲಿದು ಬಂದರೆ ಅದು ಸಾಗುವಿಗೆ, ಪಲ್ಯಕ್ಕೆ ಒಳ್ಳೆಯದು, ಕೊರೊಕ್ಕೆಗಲ್ಲ. ಒಂದಷ್ಟು ದಿನ ಹಳತಾದ, ಸಿಪ್ಪೆ ದಪ್ಪವಾದ, ಕೈಗೆ ಗಟ್ಟಿ ಎನಿಸುವ ಗೆಡ್ಡೆ ಆರಿಸಬೇಕು. ಮೊಳಕೆ ಬಂದದ್ದು, ಹಸಿರು ತಿರುಗಿದ್ದು ಬೇಡ.

ಬೇಯಿಸುವಾಗ ನಾವು ಮಾಡುವ ದೊಡ್ಡ ತಪ್ಪು, ಸಿಪ್ಪೆ ತೆಗೆದು ಹೋಳು ಮಾಡಿ ನೀರು ಹಾಕಿ ಕುಕ್ಕರ್ ಕೂಗಿಸುವುದು. ಹೋಳು ನೀರು ಕುಡಿಯುತ್ತದೆ. ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿ, ಬಿಸಿ ಇರುವಾಗಲೇ ಸುಲಿದು, ಹಿಸುಕಿ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಕೈಯಾಡಿಸಬೇಕು. ಹಬೆ ಏಳುವುದು ಕಡಿಮೆಯಾಗಿ, ಬಾಣಲೆಯ ತಳದಲ್ಲಿ ತೆಳುವಾದ ಬಿಳಿ ಪೊರೆ ಕಟ್ಟುತ್ತದೆ. ಅಷ್ಟಾದರೆ ಗೆಡ್ಡೆ ಒಣಗಿದೆ ಎಂದು ಅರ್ಥ. ಒಳಗೆ ಉಳಿದ ನೀರೇ ಆಮೇಲೆ ಹಬೆಯಾಗಿ ಕವಚವನ್ನು ಸೀಳುವುದು, ಇಲ್ಲವೇ ಒಳಗಿನಿಂದಲೇ ಅದನ್ನು ಮೆತ್ತಗೆ ಮಾಡುವುದು.

ಇಲ್ಲಿ ಮಸಾಲೆಯ ಕೈ ತಡೆಯಬೇಕು. ಶುಂಠಿ, ಹಸಿಮೆಣಸು, ಗರಂ ಮಸಾಲೆ, ಕೊತ್ತಂಬರಿ ಹಾಕದಿದ್ದರೆ ಸಪ್ಪೆ ಎಂಬುದು ನಮ್ಮಲ್ಲಿ ಯಾರೂ ಪ್ರಶ್ನಿಸದ ನಂಬಿಕೆ. ಬೋಂಡದ ಒಳಗೆ ಅವೆಲ್ಲ ಬೇಕು, ಕಡಲೆಹಿಟ್ಟಿನ ಗಡಸು ರುಚಿಗೆ ಎದುರು ನಿಲ್ಲಬೇಕಲ್ಲ. ಕೊರೊಕ್ಕೆಯಲ್ಲಿ ರುಚಿ ಕೊಡುವುದು ಗೆಡ್ಡೆಯ ಸಿಹಿ. ಅರ್ಧ ಕಿಲೋ ಗೆಡ್ಡೆಗೆ ಒಂದು ದೊಡ್ಡ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಬೆಣ್ಣೆಯಲ್ಲಿ ಹದಿನೈದು ನಿಮಿಷ, ಕೆಂಪಾಗಲು ಬಿಡದೆ, ಮೇಣದಂತೆ ಮೆತ್ತಗಾಗುವವರೆಗೆ ಬಾಡಿಸಿ ಸೇರಿಸಿದೆ. ಉಪ್ಪು, ಧಾರಾಳವಾಗಿ ಕಾಳುಮೆಣಸಿನ ಪುಡಿ, ಅಷ್ಟೆ. ಜಪಾನಿನಲ್ಲಿ ಇದರ ಜೊತೆ ಸ್ವಲ್ಪ ಕೊಚ್ಚಿದ ಮಾಂಸ ಹಾಕುತ್ತಾರೆ. ನಾನು ಅಣಬೆಯನ್ನು ಸಣ್ಣಗೆ ಕೊಚ್ಚಿ ನೀರು ಪೂರ್ತಿ ಇಂಗುವವರೆಗೆ ಹುರಿದು ಹಾಕಿದೆ. ಅಮ್ಮ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗೆಡ್ಡೆ ಇಷ್ಟು ಸಿಹಿ ಇರತ್ತೆ ಅಂತ ಗೊತ್ತಿರಲಿಲ್ಲ’ ಎಂದರು. ಅರವತ್ತು ವರ್ಷದಿಂದ ಆಲೂಗೆಡ್ಡೆ ಬೇಯಿಸುತ್ತಿರುವವರ ಮಾತು ಅದು.

ಇನ್ನು ಬ್ರೆಡ್ಡು. ನನ್ನ ವಾದವೆಲ್ಲ ನಿಂತಿರುವುದು ಇದರ ಮೇಲೆ. ಪ್ಯಾಕೆಟ್ಟಿನ ಬ್ರೆಡ್ ಪುಡಿ, ರಸ್ಕಿನ ಪುಡಿ, ಸಣ್ಣ ರವೆ, ನಾವು ಕಟ್ಲೆಟ್ಟಿಗೆ ಬಳಸುವ ಮೂರೂ ತೀರ ನುಣುಪು. ಬಾಣಲೆಯ ಎಣ್ಣೆಯಲ್ಲಿ ಅವು ಒಂದು ಗಟ್ಟಿ ಪದರವಾಗುತ್ತವೆ, ಗಾಳಿಯಲ್ಲಿ ಧೂಳಾಗಿ ಹಾರುತ್ತವೆ. ಜಪಾನಿನ ‘ಪಾಂಕೊ’ ಒರಟು, ಹಗುರ, ಎಳೆಎಳೆಯಾದ ಚೂರು. ಅದಕ್ಕೆಂದೇ ಹಿಟ್ಟಿನೊಳಗೆ ವಿದ್ಯುತ್ ಹರಿಸಿ, ಹೊರಪದರವೇ ಕಟ್ಟದ ಹಾಗೆ ಬೇಯಿಸಿದ ಬ್ರೆಡ್ಡನ್ನು ಅಲ್ಲಿ ತಯಾರಿಸುವುದುಂಟು. ನಮ್ಮ ಬೀದಿಯ ಅಯ್ಯಂಗಾರ್ ಬೇಕರಿಯ ಬ್ರೆಡ್ಡೇ ನನಗೆ ಸಾಕಾಯಿತು. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳವರ ಮೂಲ ಬಹುಪಾಲು ಹಾಸನದ ಕಡೆ. ಒಳಗಿನ ಗೆಡ್ಡೆಗೂ ಹೊರಗಿನ ಬ್ರೆಡ್ಡಿಗೂ ಒಂದೇ ಜಿಲ್ಲೆಯ ನಂಟು ಎಂಬುದು ಮನಸ್ಸಿಗೆ ಹಿತವಾಯಿತು. ಹಿಂದಿನ ದಿನದ ಬ್ರೆಡ್ಡಿನ ಅಂಚು ಕತ್ತರಿಸಿ, ಹೋಳುಗಳನ್ನು ಒಂದು ಗಂಟೆ ಗಾಳಿಗೆ ಒಣಗಿಸಿ, ಮಿಕ್ಸಿಯಲ್ಲಿ ಎರಡೇ ಎರಡು ಸಲ ತಿರುಗಿಸಿ ನಿಲ್ಲಿಸಬೇಕು. ಕಾಯಿತುರಿಯಷ್ಟು ಒರಟಿರಲಿ. ಆ ಬ್ರೆಡ್ಡಿನಲ್ಲಿ ಸ್ವಲ್ಪ ಸಕ್ಕರೆ ಇರುವುದರಿಂದ ಬೇಗ ಕೆಂಪಾಗುತ್ತದೆ, ಆದ್ದರಿಂದ ಕಣ್ಣು ಅದರ ಮೇಲೇ ಇರಬೇಕು.

60 ಗ್ರಾಂ ಪುಡಿಗೆ ಎರಡು ದೊಡ್ಡ ಚಮಚ ಎಣ್ಣೆ, ಅಂದರೆ 30 ಮಿಲಿಲೀಟರ್. ತಣ್ಣಗಿರುವಾಗಲೇ ಬೆರಳಲ್ಲಿ ಉಜ್ಜಿ ಪ್ರತಿ ಚೂರಿಗೂ ಎಣ್ಣೆ ತಾಗಿಸಿ, ಆಮೇಲೆ ಬಾಣಲೆಯಲ್ಲಿ ಸಣ್ಣ ಉರಿಗೆ ಇಟ್ಟು ಸೌಟು ಆಡಿಸುತ್ತ ಹುರಿಯಬೇಕು. ಮೊದಲು ಏನೂ ಆಗುವುದಿಲ್ಲ. ನಾಲ್ಕನೇ ನಿಮಿಷಕ್ಕೆ ಸೌಟಿಗೆ ತಾಗುವ ಸದ್ದು ಬದಲಾಗುತ್ತದೆ, ಒದ್ದೆ ಮರಳಿನಂತಿದ್ದದ್ದು ಒಣ ತರಗೆಲೆಯಂತೆ ಸರಸರ ಎನ್ನುತ್ತದೆ. ಆಮೇಲೆ ಬಣ್ಣ ಏರುವುದು ಬಲು ಬೇಗ. ರವೆ ಹುರಿದು ಪಳಗಿದ ಕೈಗೆ ಇದನ್ನು ಹೇಳಿಕೊಡಬೇಕಿಲ್ಲ. ಜೇನಿನ ಬಣ್ಣಕ್ಕೆ ಬರುತ್ತಲೇ ತಟ್ಟೆಗೆ ಸುರಿದುಬಿಡಬೇಕು, ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಕಪ್ಪಾಗುತ್ತದೆ.

ಕಾರ್ಖಾನೆಯವರು ಮೊದಲೇ ಮಾಡುವ ಆ ಕೆಲಸ ಇದೇ. ಅವರು ಇಡೀ ತಿಂಡಿಯನ್ನು ಎಣ್ಣೆಗೆ ಬಿಡುತ್ತಾರೆ, ನಾವು ಹೊರಗಿನ ಪುಡಿಯನ್ನಷ್ಟೇ ಎಣ್ಣೆಯಲ್ಲಿ ಹುರಿಯುತ್ತೇವೆ. ಎಣ್ಣೆ ಬೇಕಿದ್ದದ್ದು ಅದಕ್ಕೊಂದಕ್ಕೇ. ಉಂಡೆಗಳನ್ನು 60 ಗ್ರಾಮಿನಂತೆ ಎಂಟು ಮಾಡಿ, ಅಂಗೈಯಲ್ಲಿ ಉದ್ದುರುಂಡೆಯಾಗಿ ತಟ್ಟಿ, ಫ್ರಿಜ್ಜಿನಲ್ಲಿ ಅರ್ಧ ಗಂಟೆ ಗಟ್ಟಿಯಾಗಲು ಬಿಟ್ಟೆ. ನಮ್ಮದು ಮೊಟ್ಟೆ ತರದ ಮನೆ. ಅದರ ಬದಲು ಮೈದಾವನ್ನು ದೋಸೆಹಿಟ್ಟಿನ ಹದಕ್ಕೆ ನೀರಲ್ಲಿ ಕಲಸಿ ಅದರಲ್ಲಿ ಅದ್ದಿದೆ. ಎಲ್ಲಿಯೂ ಗೆಡ್ಡೆ ಬರಿದಾಗಿ ಕಾಣಬಾರದು, ಬಿರುಕು ಹುಟ್ಟುವುದು ಅಲ್ಲೇ. ಹುರಿದ ಪುಡಿಯಲ್ಲಿ ಹೊರಳಿಸಿ ಅಂಗೈಯಿಂದ ಮೆಲ್ಲಗೆ ಒತ್ತಿದೆ. ಬುಟ್ಟಿಯಲ್ಲಿ ಒಂದಕ್ಕೊಂದು ತಾಗದಂತೆ ನಾಲ್ಕು ನಾಲ್ಕಾಗಿ 180 ಡಿಗ್ರಿಯಲ್ಲಿ ಒಂಬತ್ತು ನಿಮಿಷ. ತಿರುವಿ ಹಾಕಲಿಲ್ಲ. ಬಣ್ಣ ಮೊದಲೇ ಬಂದಿರುವುದರಿಂದ ಯಂತ್ರಕ್ಕೆ ಉಳಿದದ್ದು ಮೈದಾದ ಪದರವನ್ನು ಬೇಯಿಸಿ ಒಣಗಿಸುವುದು, ಒಳಗನ್ನು ಬಿಸಿ ಮಾಡುವುದು. ಗಾಳಿಗೆ ಚೆನ್ನಾಗಿ ಬರುವ ಕೆಲಸಗಳೇ ಇವು.

ಹೊರಗೆ ತೆಗೆದಾಗ ಎಂಟಕ್ಕೆ ಎಂಟೂ ಒಂದೇ ಬಣ್ಣ. ಒಂದನ್ನು ಎರಡೂ ಕೈಯಲ್ಲಿ ಹಿಡಿದು ಮುರಿದೆ. ಹಪ್ಪಳದ ಸದ್ದಲ್ಲ, ಅದಕ್ಕಿಂತ ಸಣ್ಣದು, ಒಣ ಹುಲ್ಲಿನ ಮೇಲೆ ಕಾಲಿಟ್ಟ ಹಾಗೆ. ಒಳಗಿನಿಂದ ಹಬೆ ಎದ್ದು ಕನ್ನಡಕ ಮಸುಕಾಯಿತು. ಬೆಣ್ಣೆ ಈರುಳ್ಳಿಯ ವಾಸನೆ ಆ ಹಬೆಯಲ್ಲೇ ಬಂತು.

ಎಣ್ಣೆಯ ಲೆಕ್ಕವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಎಂಟು ಕೊರೊಕ್ಕೆಗೆ 30 ಮಿಲಿಲೀಟರ್, ತಲಾ ನಾಲ್ಕು ಮಿಲಿಲೀಟರಿಗೂ ಕಡಿಮೆ, ಜೊತೆಗೆ ಈರುಳ್ಳಿಯ ಬೆಣ್ಣೆ. ಹದವಾದ ಬಿಸಿಯಲ್ಲಿ ಕರಿದು, ತೆಗೆದ ಕೂಡಲೇ ಜಾಲರಿಯ ಮೇಲೆ ಸೋರಲು ಬಿಟ್ಟ ಕೊರೊಕ್ಕೆಯೂ ಜನ ಹೆದರುವಷ್ಟು ಎಣ್ಣೆ ಕುಡಿದಿರುವುದಿಲ್ಲ. ಎಣ್ಣೆ ಒಳಗಿಳಿಯುವುದು ಹೆಚ್ಚಾಗಿ ಬಾಣಲೆಯಿಂದ ಹೊರಬಂದ ಮೇಲೆ, ಹಬೆ ತಣಿದು ಮೇಲಿನ ಎಣ್ಣೆಯನ್ನು ಒಳಗೆಳೆದುಕೊಳ್ಳುವಾಗ. ಆದ್ದರಿಂದ ಕರಿದದ್ದೆಲ್ಲ ವಿಷ, ಗಾಳಿಯಲ್ಲಿ ಬೆಂದದ್ದೆಲ್ಲ ಪಥ್ಯ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ನಿಜವಾದ ಲಾಭ ಇನ್ನೊಂದು ಕಡೆ ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಮೂರು ಜನರ ಮನೆಯಲ್ಲಿ ಎಂಟು ತುಂಡಿಗಾಗಿ ಅರ್ಧ ಲೀಟರ್ ಎಣ್ಣೆ ಕಾಯಿಸಿದರೆ, ಬಹುಪಾಲು ಬಾಣಲೆಯಲ್ಲೇ ಉಳಿಯುತ್ತದೆ. ಬ್ರೆಡ್ಡಿನ ಚೂರು ಸೀದು ಕಪ್ಪಾದ ಎಣ್ಣೆ. ಎಸೆಯಲು ಮನಸ್ಸು ಬರುವುದಿಲ್ಲ. ಸೋಸಿ ಎತ್ತಿಟ್ಟು, ಮರುದಿನ ಒಗ್ಗರಣೆಗೆ, ಅದರ ಮರುದಿನ ಪೂರಿಗೆ, ಮತ್ತೆ ಮತ್ತೆ ಕಾಯಿಸುತ್ತೇವೆ. ಹಾಗೆ ಕಾಯಿಸಿದ ಎಣ್ಣೆಯ ಅಪಾಯ ಕಂಡೇ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಪೋಲಾರ್ ಸಂಯುಕ್ತಗಳು ಶೇ 25 ದಾಟಿದ ಎಣ್ಣೆಯನ್ನು ಬಳಸಕೂಡದೆಂದು 2018ರ ಜುಲೈ 1ರಿಂದ ನಿಯಮ ತಂದದ್ದು. ಹೋಟೆಲಿನಲ್ಲಿ ಅದನ್ನು ಅಳೆಯುವ ಉಪಕರಣ ಇರಬಹುದು, ಮನೆಯಲ್ಲಿ ಅಳೆಯುವವರು ಯಾರು? ಕೊರೊಕ್ಕೆಯನ್ನು ಈ ರೀತಿ ಮಾಡಿದ ದಿನ ನಮ್ಮ ಅಡುಗೆಮನೆಯಲ್ಲಿ ಎತ್ತಿಡಬೇಕಾದ ಎಣ್ಣೆ ಒಂದು ಹನಿಯೂ ಇರಲಿಲ್ಲ. ಈ ಯಂತ್ರವನ್ನು ಹೊಗಳುವುದಿದ್ದರೆ ನಾನು ಹೊಗಳುವುದು ಅದಕ್ಕೆ.

ಕೊರತೆಯೂ ಇದೆ. ಬಾಣಲೆಯಿಂದ ಬಂದ ಕೊರೊಕ್ಕೆಯ ಕವಚಕ್ಕೆ ಒಂದು ತುಂಬುತನ ಇರುತ್ತದೆ, ಎಣ್ಣೆಯೊಳಗೆ ಎಲ್ಲ ಚೂರುಗಳೂ ಒಂದಕ್ಕೊಂದು ಬೆಸೆದು ಬಂದದ್ದು. ಇದರಲ್ಲಿ ಚೂರುಗಳು ಬಿಡಿಬಿಡಿಯಾಗಿ ಗರಿಯಾಗಿರುತ್ತವೆ, ಕಚ್ಚಿದಾಗ ಒಂದಷ್ಟು ಉದುರುತ್ತವೆ. ಕೂತು ಹೋಲಿಸಿದರೆ ಗೊತ್ತಾಗುವಂಥ ವ್ಯತ್ಯಾಸ. ತಟ್ಟೆಗೆ ಹಾಕಿ ಮಾತಾಡುತ್ತ ಕೂತರೆ ಐದೇ ನಿಮಿಷಕ್ಕೆ ತಳ ಬೆವರಿ ಮೆತ್ತಗಾಗುತ್ತದೆ ಕೂಡ. ಒಳಗಿನ ಹಬೆಗೆ ಹೋಗಲು ಕೆಳಗಡೆ ಜಾಗ ಬೇಕು. ಈಗ ನಾವು ತಟ್ಟೆಯನ್ನೇ ತೆಗೆಯುವುದಿಲ್ಲ. ಬುಟ್ಟಿಯನ್ನು ಹಾಗೇ ಕಟ್ಟೆಯ ಮೇಲಿಟ್ಟು, ಕಾಗದದ ಚೂರಿನಲ್ಲಿ ಒಂದೊಂದೇ ಹಿಡಿದು, ಅಡುಗೆಮನೆಯಲ್ಲೇ ನಿಂತುಕೊಂಡು ತಿನ್ನುತ್ತೇವೆ. ಅಮ್ಮನೂ ಮಂಡಿನೋವು ಮರೆತು ಕಿಟಕಿಗೆ ಒರಗಿ ನಿಂತಿರುತ್ತಾರೆ. ಮುಂದಿನ ಸಲಕ್ಕೆ ಅವರ ಬೀಟ್‌ರೂಟ್ ಕಟ್ಲೆಟ್ಟನ್ನೇ ಈ ಪುಡಿಯಲ್ಲಿ ಹೊರಳಿಸಿ ನೋಡಬೇಕಂತೆ, ಬೀಟ್‌ರೂಟಿನ ನೀರು ಹಿಂಡಬೇಕೋ ಹುರಿದು ಇಂಗಿಸಬೇಕೋ ಎಂಬ ಚರ್ಚೆ ಅಜ್ಜಿ ಮೊಮ್ಮಗಳ ನಡುವೆ ಇನ್ನೂ ಮುಗಿದಿಲ್ಲ.